ಎಲೆತಟ್ಟೆ ಮೊದಲು ಬಂದ ಮನೆ

ಗಂಟುಮೋರೆ ಎಂಬ ಮಾತನ್ನು ನರಸಿಂಹರಾಜಪುರದ ಕಡೆಯವರು ಮುಖ ನೋಡಿ ಆಡುವುದಿಲ್ಲ. ಹುಬ್ಬು ಗಂಟಿಕ್ಕಿದವರಿಗೆಲ್ಲ ಆ ಹೆಸರು ಬರುವುದಾಗಿದ್ದರೆ ಪೇಟೆಯ ಅರ್ಧ ಅಂಗಡಿಯವರಿಗೆ ಬರಬೇಕಿತ್ತು. ಮುಖ ಹೇಗೇ ಇರಲಿ, ಮೆಟ್ಟಿಲು ಹತ್ತಿ ಬಂದವರಿಗೆ ‘ಬನ್ನಿ’ ಎನ್ನದವರು, ಬಿಸಿಲಲ್ಲಿ ನಡೆದು ಬಂದವರನ್ನು ‘ಬಾಯಾರಿಕೆಗೆ ಎಂಥ ಕೊಡ್ಲಿ’ ಎಂದು ಕೇಳದವರು ಗಂಟುಮೋರೆಯವರು. ಮನುಷ್ಯರಿಗೆ ಅಂಟಿದ ಮಾತು ಮೆಲ್ಲಗೆ ಮನೆಗೂ ಅಂಟುತ್ತದೆ. ಗಿರಾಕಿ ಬಂದು ಕೂತು ಎಷ್ಟು ಹೊತ್ತಾದರೂ ಮೇಜು ಒರೆಸದ ಹೋಟೆಲು ಗಂಟುಮೋರೆ ಹೋಟೆಲು. ಕೆರೆಕಟ್ಟೆ ಕಡೆಯಿಂದ ಮರ ತರುತ್ತಿದ್ದ ಲಾರಿ ಡ್ರೈವರೊಬ್ಬ ಒಂದು ಊರನ್ನೇ ಗಂಟುಮೋರೆ ಊರು ಎಂದು ಬೈದದ್ದನ್ನು ಹಬೀಬಾ ಕೇಳಿದ್ದಳು. ಲಾರಿ ಕೆಟ್ಟು ನಿಂತಾಗ ಅಲ್ಲಿ ಒಬ್ಬರೂ ‘ಯಾವೂರು, ಊಟ ಆಯ್ತಾ’ ಎಂದು ವಿಚಾರಿಸಲಿಲ್ಲವಂತೆ. ಆಗ ಅವಳು ನಕ್ಕಿದ್ದಳು, ಊರಿಗೆ ಮೋರೆ ಎಲ್ಲಿಂದ ಬಂತು ಎಂದು.

ತನ್ನ ಬಾಗಿಲಿಗೇ ಆ ಮಾತು ಬಂದು ನಿಂತಾಗ ನಗು ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪೇಟೆಯ ಹಿಂದಿನ ಓಣಿಯಲ್ಲಿ, ಬೀದಿ ನಲ್ಲಿಯಿಂದ ಸ್ವಲ್ಪ ಮುಂದೆ, ಹಬೀಬಾಳ ಮನೆ. ಬಾಗಿಲಿಗೆ ಹಸಿರು ಹೂವಿನ ಪರದೆ, ಪರದೆಯ ಒಳಗೆ ಕಾಲುಮಿಷನ್ನು. ಪೇಟೆಯಲ್ಲಿ ಗಂಡಸರ ಟೈಲರ್ ಅಂಗಡಿಗಳಿದ್ದರೂ ರವಿಕೆ ಹೊಲಿಸಲು ಸುತ್ತಲ ಹಳ್ಳಿಯ ಹೆಂಗಸರು ಹಬೀಬಾಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಸಂತೆಯ ದಿನ ಶೆಟ್ಟಿಕೊಪ್ಪದಿಂದ ತೋಟದ ಕೆಲಸದವರು ಬಂದು, ಅಳತೆಗೆ ಒಂದು ಹಳೆಯ ರವಿಕೆ, ಹೊಲಿಯಲು ಒಂದು ಹೊಸ ತುಂಡು, ಎರಡನ್ನೂ ಪರದೆಯ ಸಂದಿಯಲ್ಲಿ ಕೊಟ್ಟು ಸಂತೆಗೆ ಇಳಿಯುತ್ತಿದ್ದರು. ಮುಂದಿನ ಸಂತೆಗೆ ಅದೇ ಸಂದಿಯಲ್ಲಿ ಹೊಲಿದ ರವಿಕೆ ಹೊರಗೆ ಬರುತ್ತಿತ್ತು. ಕಂಕುಳಲ್ಲಿ ಹಿಡಿಯುವುದಿಲ್ಲ, ಬೆನ್ನಲ್ಲಿ ಸುಕ್ಕು ಬೀಳುವುದಿಲ್ಲ. ಹೊಲಿಗೆಯ ಬಗ್ಗೆ ಯಾರದೂ ಒಂದು ಮಾತಿಲ್ಲ.

ಒಂದು ಸಂತೆಯ ದಿನ ಹಬೀಬಾ ಪರದೆಯ ಹಿಂದೆ ಕೂತು ಕಾಜಾ ಹಾಕುತ್ತಿದ್ದಳು. ಹೊರಗೆ ಶೆಟ್ಟಿಕೊಪ್ಪದ ಸುಬ್ಬಿ ಯಾರಿಗೋ ದಾರಿ ತೋರಿಸುತ್ತಿದ್ದಳು.

“ಅದೇ ಕಣೆ, ಆ ಗಂಟುಮೋರೆ ಮನೆ. ಹೊಲಿಗೆ ಮಾತ್ರ ಬಾಳ ಚಂದ. ಬಟ್ಟೆ ಕೊಟ್ಟು ಬಂದ್ಬಿಡು, ಕೂರಕ್ಕೆ ಹೋಗ್ಬೇಡ.”

ಸೂಜಿ ಬೆರಳಿಗೆ ಚುಚ್ಚಿತು. ಪರದೆಯ ಕೆಳಗಿನಿಂದ ಇಬ್ಬರ ಪಾದ ಕಾಣುತ್ತಿದ್ದವು. ಸುಬ್ಬಿಯ ಪಾದ ತಿರುಗಿ ಹೋಯಿತು. ಇನ್ನೊಂದು ಜೊತೆ, ಮಣ್ಣು ಮೆತ್ತಿದ್ದು, ಮೆಟ್ಟಿಲ ಮೇಲೆ ಬಂದು ನಿಂತಿತು. ಹಬೀಬಾ ಕೈ ಹೊರಗೆ ಚಾಚಿ ಬಟ್ಟೆ ತೆಗೆದುಕೊಂಡಳು. ಏನಾದರೂ ಹೇಳಬೇಕು ಎನ್ನಿಸಿತು. ಏನು ಹೇಳುವುದೆಂದು ಹೊಳೆಯುವಷ್ಟರಲ್ಲಿ ಪಾದಗಳೂ ಇರಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು. ಮಹಮ್ಮದ್ ಶಫಿ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಊಟಕ್ಕೂ ಬಿಡುವಿಲ್ಲ, ಮಳೆ ನಿಂತಮೇಲೆ ಟಾರ್ಚು, ಬೀಗ, ಸ್ಟೋವು ಎಂದು ಸಿಕ್ಕಿದ್ದನ್ನು ಬಿಚ್ಚುತ್ತ ಕೂರುತ್ತಿದ್ದ. ಅವನು ಎಲ್ಲ ಕೇಳಿ, ಕೊಡೆಗೆ ಕಡ್ಡಿ ಮುರಿದರೆ ಹೊಸದು ಹಾಕಬಹುದು, ಹೆಸರು ಮುರಿದರೆ ಏನು ಹಾಕುವುದು ಎಂದ. ಅವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಗಂಡಸರ ವ್ಯಾಪಾರದಲ್ಲಿ ಮುಖ ಯಾರು ನೋಡುತ್ತಾರೆ.

ಅವಳಿಗೆ ಮುಗಿಯಲಿಲ್ಲ. ಅದಕ್ಕೆ ಕಾರಣವಿತ್ತು.

ಹಬೀಬಾ ಹುಟ್ಟಿದ್ದು ಕೊಪ್ಪದಲ್ಲಿ. ಅಪ್ಪ ಜಲಾಲುದ್ದೀನ್ ಅಲ್ಲಿ ಟೈಲರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಕತ್ತರಿಸಿ ಬಿಟ್ಟ ತುಂಡುಗಳ ನಡುವೆ ಬೆಳೆದವಳು. ಕಟಿಂಗ್ ಅನ್ನು ಯಾರೂ ಕಲಿಸಲಿಲ್ಲ, ನೋಡಿ ನೋಡಿ ಬಂತು. ಏಳನೇ ಕ್ಲಾಸಿನಲ್ಲಿ ಟೀಚರ್ ಒಬ್ಬರು ನೀನು ಟೀಚರ್ ಟ್ರೈನಿಂಗ್ ಮಾಡು ಎಂದು ಒಂದು ಸಲ ಹೇಳಿದ್ದರು. ಆ ವರ್ಷವೇ ಶಾಲೆ ಬಿಡಿಸಿದರು. ಟೀಚರ್ ಹೇಳಿದ್ದು ಮಾತ್ರ ಒಳಗೆಲ್ಲೋ ಉಳಿದುಬಿಟ್ಟಿತು. ರವಿಕೆಗೆ ಗುರುತು ಹಾಕುವಾಗ ಎಷ್ಟೋ ಸಲ ಅವಳು ಎದುರಿಗೆ ಯಾರೋ ಕೂತಿರುವಂತೆ, ‘ನೋಡಿ, ಇಲ್ಲಿಂದ ಹೀಗೆ ಬಗ್ಗಿಸಬೇಕು’ ಎಂದು ತುಟಿ ಅಲುಗಿಸುತ್ತಿದ್ದಳು.

ಆ ವರ್ಷ ಮಳೆ ಹಿಂದೆಗೆದ ಮೇಲೆ ಬ್ಲಾಕ್ ಆಫೀಸಿನ ಗ್ರಾಮಸೇವಕಿ ಕೊಡೆ ರಿಪೇರಿಗೆ ಬಂದವರು ಶಫಿಯ ಹತ್ತಿರ ವಿಷಯ ತೆಗೆದರು. ಶೆಟ್ಟಿಕೊಪ್ಪದ ಮಹಿಳಾ ಮಂಡಳಿಯಲ್ಲಿ ಹೊಲಿಗೆ ತರಗತಿ ಶುರುವಾಗುತ್ತದೆ. ಎರಡು ಮಿಷನ್ನು ಬರುತ್ತವೆ. ಕಟಿಂಗ್ ಬರುವ ಹೆಂಗಸು ಬೇಕು. ನಿಮ್ಮ ಮನೆಯವರು ಬರುತ್ತಾರಾ?

ಹಬೀಬಾಗೆ ಅನ್ನ ಸೇರಲಿಲ್ಲ. ಟೀಚರ್. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಟೀಚರ್. ಶಫಿ ಒಪ್ಪಿದ. ಅವಳು ಹೂಂ ಎಂದು ಹೇಳಿ ಕಳಿಸಿದಳು.

ಗ್ರಾಮಸೇವಕಿ ಶೆಟ್ಟಿಕೊಪ್ಪಕ್ಕೆ ಹೋಗಿ ಬಂದು ಮನೆಗೇ ಬಂದರು. ಪರದೆ ಸರಿಸಿ ಒಳಗೆ ಬಂದು ಮಿಷನ್ನಿನ ಹತ್ತಿರದ ಸ್ಟೂಲಿನ ಮೇಲೆ ಕೂತರು. ಹೇಳಲೋ ಬೇಡವೋ ಎಂದು ಬಳೆ ತಿರುಗಿಸುತ್ತಿದ್ದರು. ಕೊನೆಗೆ ಹೇಳಿದರು. ಹೆಸರು ಹೇಳಿದ ಕೂಡಲೇ ಮಂಡಳಿಯ ಹೆಂಗಸರು, ಆ ಗಂಟುಮೋರೆ ಹತ್ರ ಯಾರು ಕಲೀತಾರೆ ಎಂದರಂತೆ. ಅಡಿಕೆ ಕೊಯ್ಲು ಮುಗಿದಮೇಲೆ ಮಂಡಳಿ ಸೇರುತ್ತದೆ, ಆವತ್ತು ಅವರು ಒಪ್ಪಿದರೆ ಸರಿ, ಇಲ್ಲದಿದ್ದರೆ ಬಾಳೆಹೊನ್ನೂರಿನಿಂದ ಇನ್ನೊಬ್ಬರನ್ನು ಕರೆಸಬೇಕು.

“ನಾನು ಯಾರಿಗೆ ಎಂಥ ಅಂದಿದೀನಿ ಮೇಡಮ್?” ಹಬೀಬಾ ಕೇಳಿದಳು.

“ಅಂದಿಲ್ಲ. ಅದೇ ಕಷ್ಟ. ಏನೂ ಅನ್ನಲ್ಲ ಅಂತಾರೆ.”

ಅವರು ಹೋದ ಮೇಲೆ ಹಬೀಬಾ ಮತ್ತೆ ಮಿಷನ್ನಿನ ಮುಂದೆ ಕೂತಳು. ತಾನು ಏಕೆ ಏನೂ ಅನ್ನುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಹೇಳುವಂಥದ್ದಾಗಿರಲಿಲ್ಲ.

ಮದುವೆಯಾಗಿ ಬಂದ ಮೊದಲ ಬೇಸಿಗೆ. ಶೆಟ್ಟಿಕೊಪ್ಪದ ಕಮಲಕ್ಕ ನೆತ್ತಿ ಸುಡುವ ಬಿಸಿಲಲ್ಲಿ ನಡೆದು ಬಂದಿದ್ದಳು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಳು. ಹೊಸ ಸೊಸೆ ಹಬೀಬಾ ಓಡಿ ಹೋಗಿ ನಿಂಬೆ ಹಿಂಡಿ, ಸಕ್ಕರೆ ಕದಡಿ, ಒಳ್ಳೆಯ ಗಾಜಿನ ಲೋಟದಲ್ಲಿ ಶರಬತ್ತು ತಂದು ಚಾಚಿದಳು. ಕಮಲಕ್ಕ ಲೋಟ ನೋಡಿದಳು, ಆಮೇಲೆ ಓಣಿಯ ಕಡೆ ನೋಡಿದಳು. ಬೇಡ, ಈಗ ತಾನೇ ಕುಡಿದು ಬಂದೆ ಎಂದಳು. ಬಟ್ಟೆ ಕೊಟ್ಟು ಎದ್ದು ಹೋದಳು. ಹಬೀಬಾ ಲೋಟ ಹಿಡಿದೇ ಕಿಟಕಿಯಿಂದ ನೋಡುತ್ತಿದ್ದಳು. ಕಮಲಕ್ಕ ಬೀದಿ ನಲ್ಲಿಯ ಹತ್ತಿರ ನಿಂತು, ಸೆರಗು ಕಂಕುಳಿಗೆ ಸಿಕ್ಕಿಸಿ, ಬೊಗಸೆ ಬೊಗಸೆ ನೀರು ಕುಡಿಯುತ್ತಿದ್ದಳು.

ಅತ್ತೆ ತಾಹೇರಾ ಹಿಂದೆ ಬಂದು ನಿಂತಿದ್ದರು. ಅವರು ಬೈಯಲಿಲ್ಲ. ಲೋಟ ಕೈಯಿಂದ ತೆಗೆದುಕೊಂಡು, ಅವಳ ಬಾಯಲ್ಲಿ ಸುಳ್ಳು ಹೇಳಿಸಿದ್ದು ನೀನು ಎಂದರು. ಕುಡಿಯಲಾರರು ಎಂದು ಗೊತ್ತಿದ್ದವರ ಎದುರು ಲೋಟ ಹಿಡಿಯಬಾರದು, ಅದು ಅವರಿಗೆ ಹಿಂಸೆ, ನಮಗೆ ಅವಮಾನ. ಮನೆ ಮಾತಿನಲ್ಲಿ, ಮೆತ್ತಗೆ, ಇಷ್ಟು ಹೇಳಿ ಆ ಶರಬತ್ತನ್ನು ತಾವೇ ಕುಡಿದರು. ತಾಹೇರಾ ತೀರಿಕೊಂಡು ವರ್ಷಗಳಾಗಿದ್ದವು. ಹಬೀಬಾ ಮತ್ತೆ ಯಾರನ್ನೂ ಕೇಳಿರಲಿಲ್ಲ. ಅದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು. ಬಂದವರ ಮರ್ಯಾದೆ.

ಈಗ ನೋಡಿದರೆ ಆ ಮರ್ಯಾದೆಗೆ ಊರಲ್ಲಿ ಬೇರೆಯೇ ಹೆಸರು.

ಮೊದಲಿಗೆ ಅವಳು ತನ್ನ ಬಾಯಿಯ ಮೇಲೆ ಅನುಮಾನಪಟ್ಟಳು. ಹೊಲಿಯುವಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಅಪ್ಪನಿಂದ ಬಂದದ್ದು. ತುಟಿಯಲ್ಲಿ ಸೂಜಿ ಇರುವವಳು ನಗುವುದು ಹೇಗೆ, ಮಾತಾಡುವುದು ಹೇಗೆ? ಸೂಜಿಗಳನ್ನೆಲ್ಲ ಒಂದು ಬಟ್ಟೆಯ ಉಂಡೆಗೆ ಚುಚ್ಚಿಟ್ಟಳು. ಪರದೆಯನ್ನು ಮೊಳೆಗೆ ಎತ್ತಿ ಕಟ್ಟಿದಳು. ಬಂದವರನ್ನು ನೋಡಿ ನಕ್ಕಳು. ಮುಂದಿನ ಸಂತೆಗೆ ಸುಬ್ಬಿ ನಲ್ಲಿಯ ಹತ್ತಿರ, ಅದೆಂಥ ನಗ್ತಾಳೆ ಮಾರಾಯ್ತಿ, ನನ್ ರವಿಕೆ ಎಲ್ಲಾದ್ರೂ ಹರಿದಿದ್ಯಾ ಅಂತ ತಿರುಗಿ ತಿರುಗಿ ನೋಡ್ಕಂಡೆ ಎಂದು ಹೇಳುತ್ತಿದ್ದುದು ಓಣಿಗೆಲ್ಲ ಕೇಳಿಸಿತು. ಹಬೀಬಾ ಪರದೆ ಇಳಿಬಿಟ್ಟಳು.

ಆಗ ಅವಳಿಗೆ ಅಪ್ಪನ ಅಂಗಡಿ ನೆನಪಾಯಿತು.

ಕೊಪ್ಪದ ಆ ಅಂಗಡಿಯಲ್ಲಿ ಬೆಂಚಿನ ತುದಿಗೆ ಒಂದು ಹಿತ್ತಾಳೆ ತಟ್ಟೆ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಕತ್ತರಿಸಿದ ಅಡಿಕೆ, ಸುಣ್ಣದ ಡಬ್ಬಿ. ಯಾವ ಜಾತಿಯ ಗಿರಾಕಿ ಬಂದರೂ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಜಲಾಲುದ್ದೀನರ ಕೈಯ ನೀರು ಮುಟ್ಟದವರೂ ಅವರ ತಟ್ಟೆಯ ಎಲೆ ಬೇಡವೆನ್ನುತ್ತಿರಲಿಲ್ಲ. ಎಲೆ ಅಡಿಕೆಗೆ ಜಾತಿಯಿಲ್ಲ. ಬೇಯಿಸಿದ್ದಲ್ಲ, ಕದಡಿದ್ದಲ್ಲ, ಬಳ್ಳಿಯಿಂದ ಬಂದದ್ದು. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಯಾರಿಗೂ ಅವಮಾನವಿಲ್ಲ. ಇಷ್ಟು ಸುಲಭದ್ದು ಇಷ್ಟು ವರ್ಷ ಹೇಗೆ ಹೊಳೆಯಲಿಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಟ್ಟದಿಂದ ಅತ್ತೆಯ ಕಾಲದ ತಟ್ಟೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ತಟ್ಟೆಯಲ್ಲಿ ಮುಖ ಕಾಣುವಷ್ಟು ತಿಕ್ಕಿದಳು. ಎಳೆಯ ಎಲೆಯನ್ನೇ ಆರಿಸಿ ತಂದಳು.

ಆ ಸಂತೆಗೆ ಮೊದಲು ಬಂದವಳು ಕಮಲಕ್ಕ. ಮೆಟ್ಟಿಲ ಮೇಲೆ ಚೀಲ ಇಳಿಸಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಹಬೀಬಾ ತಟ್ಟೆಯನ್ನು ತಂದು ಅವಳ ಮುಂದಿಟ್ಟಳು. ತಗೊಳ್ಳಿ ಕಮಲಕ್ಕ ಎಂದಳು.

ಕಮಲಕ್ಕ ತಟ್ಟೆ ನೋಡಿದಳು. ಹಬೀಬಾಳ ಮುಖ ನೋಡಿದಳು. ಒಂದು ಎಲೆ, ಒಂದು ಹೋಳು ಅಡಿಕೆ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿದಳು. ಚೀಲವನ್ನು ಬಿಚ್ಚಲೇ ಇಲ್ಲ. ಬರ್ತೀನಿ ಎಂದು ಎದ್ದು ಹೋದಳು. ಹೊಲಿಸಲು ತಂದ ಬಟ್ಟೆ ಚೀಲದ ಬಾಯಲ್ಲಿ ಕೆಂಪಗೆ ಕಾಣುತ್ತಿತ್ತು.

ಸುಬ್ಬಿಯೂ ಹಾಗೇ ಮಾಡಿದಳು. ಅವಳು ಬಟ್ಟೆಯನ್ನೇನೋ ಕೊಟ್ಟಳು, ಆದರೆ ತೋಳು ಎಷ್ಟು ಉದ್ದ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು. ಅವಳ ಜೊತೆಯವಳು ತಟ್ಟೆ ಮುಂದೆ ಬಂದ ಕೂಡಲೇ ನಾಚಿದಂತೆ ಎದ್ದು ನಿಂತಳು. ಹಬೀಬಾ ಒಂದೊಂದು ಸಲವೂ ಎಲೆಗಳನ್ನು ಇನ್ನಷ್ಟು ಚೆಂದವಾಗಿ ಜೋಡಿಸಿದಳು. ಒಂದು ಲವಂಗವನ್ನೂ ಇಟ್ಟಳು. ಜನ ಇನ್ನಷ್ಟು ಬೇಗ ಎದ್ದು ಹೋದರು. ಸಂತೆ ಕಳೆದು ಸಂತೆ ಬಂದಂತೆ ಮೆಟ್ಟಿಲ ಮೇಲೆ ಪಾದಗಳೇ ಕಡಿಮೆಯಾದವು. ಹೊಲಿದಿಟ್ಟ ರವಿಕೆಗಳನ್ನು ಒಯ್ಯಲೂ ಕೆಲವರು ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ತಟ್ಟೆಯನ್ನು ಎತ್ತಿ ಹಿತ್ತಲಿಗೆ ಬೀಸಿದಳು. ಅದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಉರುಳಿತು. ಎಲೆಗಳು ಸೋಪಿನ ನೀರಲ್ಲಿ ತೇಲಿದವು. ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು, ನಕ್ಕರೂ ತಪ್ಪು. ಈ ಜನಕ್ಕೆ ನಾನು ಇನ್ನೆಂಥ ಮಾಡಬೇಕು? ಅಳು ಬರಲಿಲ್ಲ. ಕೊಯ್ಲು ಮುಗಿಯುತ್ತ ಬಂದಿತ್ತು, ಮಂಡಳಿ ಸೇರುವ ದಿನ ಹತ್ತಿರವಾಗಿತ್ತು.

ಮಾರನೆಯ ದಿನ ಅವಳು ಬುರ್ಖಾ ಹಾಕಿಕೊಂಡು, ಒಯ್ಯದೆ ಉಳಿದಿದ್ದ ರವಿಕೆಗಳಲ್ಲಿ ಯಲ್ಲಕ್ಕನದನ್ನು ಕಾಗದದಲ್ಲಿ ಸುತ್ತಿ, ಶೆಟ್ಟಿಕೊಪ್ಪದ ಬಸ್ಸು ಹತ್ತಿದಳು. ಯಲ್ಲಕ್ಕ ಮಂಡಳಿಯಲ್ಲಿ ದೊಡ್ಡ ಬಾಯಿಯವಳು. ವಯಸ್ಸಾದವಳು, ತೋಟದ ಕೆಲಸದಲ್ಲಿ ಬೆನ್ನು ಬಾಗಿದವಳು, ಯಾರಿಗೂ ಹೆದರದವಳು. ಅವಳು ಹೇಳಿದ್ದನ್ನು ಉಳಿದವರು ಮೀರುವುದಿಲ್ಲ ಎಂದು ಗ್ರಾಮಸೇವಕಿ ಹೇಳಿದ್ದರು. ದಾರಿಯುದ್ದಕ್ಕೂ ಹಬೀಬಾ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಹೊಲಿದು ಬಿಚ್ಚಿ ಮಾಡಿದಳು. ಬಸ್ಸಿಳಿದು ತೋಟದ ಬೇಲಿಯ ಪಕ್ಕ ನಡೆದು ಕೆಲಸದವರ ಸಾಲುಮನೆಗಳನ್ನು ಮುಟ್ಟುವಾಗ ಗಂಟಲು ಒಣಗಿ ನಾಲಿಗೆ ಅಂಟುತ್ತಿತ್ತು.

ಯಲ್ಲಕ್ಕ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿದಳು. ಆಶ್ಚರ್ಯವಾದರೂ ತೋರಿಸಲಿಲ್ಲ. ಮೊರ ಪಕ್ಕಕ್ಕಿಟ್ಟು ಚಾಪೆ ಹಾಸಿದಳು.

“ಬನ್ನಿ, ಕೂತ್ಕಳಿ. ಬಾಯಾರಿಕೆಗೆ ಎಂಥ ಕೊಡ್ಲಿ? ಮಜ್ಜಿಗೆ ಇಲ್ಲ. ಬೆಲ್ಲ ನೀರು ಇದೆ.”

“ಬೇಡ ಯಲ್ಲಕ್ಕ. ಈಗ ತಾನೇ ಕುಡಿದು ಬಂದೆ.”

ಅಂದ ಮೇಲೆ ಹಬೀಬಾಗೆ ಕಿವಿ ಬಿಸಿಯಾಯಿತು. ಹೇಗೆ ಬಂತು ಆ ಮಾತು? ತಾನು ಹುಡುಕಿಕೊಂಡು ಹೋಗಲಿಲ್ಲ, ತುಟಿಯ ತುದಿಯಲ್ಲೇ ಕಾದು ಕೂತಿತ್ತು.

ಯಲ್ಲಕ್ಕ ಬೇಸರ ಮಾಡಿಕೊಳ್ಳಲಿಲ್ಲ. “ಬಸ್ಸಲ್ಲಿ ಯಾರು ಕೊಟ್ರು ಮಾರಾಯ್ತಿ, ಕಂಡಕ್ಟರಾ?” ಎಂದು ನಕ್ಕಳು. ಬೇಡ ಎಂದದ್ದು ಅವಳಿಗೆ ತಾಗಿದಂತೆಯೇ ಕಾಣಲಿಲ್ಲ. ಕೇಳುವುದು ತನ್ನ ಕೆಲಸ, ಬೇಡ ಎನ್ನುವುದು ಬಂದವರ ಕೆಲಸ, ಎರಡೂ ಮುಗಿದವು ಎನ್ನುವಂತೆ ಮತ್ತೆ ಮೊರ ಎತ್ತಿಕೊಂಡಳು.

ಹಬೀಬಾ ರವಿಕೆ ಕೊಟ್ಟಳು. ಯಲ್ಲಕ್ಕ ಬಿಚ್ಚಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಚೆನ್ನಾಗಿದೆ ಎಂದಳು. ತರಗತಿಯ ವಿಷಯಕ್ಕೆ ಬಂದಿರಾ ಎಂದು ತಾನೇ ಕೇಳಿದಳು. ಹಬೀಬಾ ದಾರಿಯಲ್ಲಿ ಹೊಂದಿಸಿಕೊಂಡ ಮಾತೆಲ್ಲ ಬಿಟ್ಟು ನೇರವಾಗಿ ಕೇಳಿಬಿಟ್ಟಳು.

“ನನ್ನ ಗಂಟುಮೋರೆ ಅಂತೀರಂತೆ. ಯಾಕೆ?”

ಮೊರ ನಿಂತಿತು. ಯಲ್ಲಕ್ಕ ಮುಚ್ಚುಮರೆಯ ಮಾತಿನವಳಲ್ಲ. ಹೇಳಿದಳು. ತೋಟದ ಧಣಿಗಳ ಮನೆಯಲ್ಲಿ ನಮ್ಮನ್ನು ಹಿತ್ತಲಲ್ಲಿ ಕೂರಿಸುತ್ತಾರೆ. ತೆಂಗಿನ ಗೆರಟೆಯಲ್ಲಿ ಕಾಫಿ, ಅದನ್ನೂ ಮೇಲಿನಿಂದ ಹೊಯ್ಯುತ್ತಾರೆ. ಹೊಟ್ಟೆ ಉರಿಯುತ್ತದೆ. ಆದರೂ ಆ ಅಮ್ಮ, ಬಂದ್ಯಾ, ಎಂಥ ಬೇಕು ಅಂತ ಕೇಳುತ್ತಾಳೆ. ನಿಮ್ಮ ಮನೆಯಲ್ಲಿ ಅದೂ ಇಲ್ಲ. ನಿಮಗೂ ನಾವು ಕೀಳು ಅಂತ ಅಂದುಕೊಂಡೆವು. ಪರದೆಯ ಸಂದಿಯಿಂದ ಒಂದು ಕೈ ಬರುತ್ತೆ, ಬಟ್ಟೆ ಎಳೆದುಕೊಳ್ಳುತ್ತೆ.

“ಹೋಗ್ಲಿ ಅಂದ್ರೆ,” ಯಲ್ಲಕ್ಕನ ದನಿ ಏರಿತು, “ಈಗ ಬಂದ ಕೂಡ್ಲೆ ಎಲೆತಟ್ಟೆ ಇಡ್ತೀರಿ. ಕೂರಕ್ಕೆ ಮುಂಚೆ.”

“ಎಲೆ ಅಡಿಕೆ ಎಲ್ರೂ ತಗೊಳ್ತಾರಲ್ಲ. ನಮ್ಮಪ್ಪನ ಅಂಗಡೀಲಿ ಬೆಂಚಿನ ಮೇಲೆ ಯಾವಾಗ್ಲೂ ಇರೋದು.”

“ಅಂಗಡೀಲಿ ಇಟ್ರೆ ಅದು ಬೇರೆ. ಮನೇಲಿ ಮೊದ್ಲು ನೀರು, ಆಮೇಲೆ ಮಾತು, ಎದ್ದು ಹೊರಡೋವಾಗ ಎಲೆ. ನೀರಿಲ್ದೆ ಎಲೆ ಬಂತು ಅಂದ್ರೆ ಎಂಥ ಅರ್ಥ? ಎದ್ದು ಹೋಗಿ ಅಂತ.”

ಹಬೀಬಾ ಚಾಪೆಯ ಹೆಣಿಗೆಯನ್ನೇ ನೋಡುತ್ತಿದ್ದಳು. ತಟ್ಟೆ ತಿಕ್ಕಿದ್ದು, ಎಳೆಯ ಎಲೆ ಹುಡುಕಿದ್ದು, ಲವಂಗ. ಒಬ್ಬೊಬ್ಬರನ್ನೂ ತಾನೇ ಕೈಯಾರೆ ಮೆಟ್ಟಿಲಿಳಿಸಿ ಕಳಿಸಿದ್ದಳು, ಅದೂ ಎಷ್ಟು ಶ್ರದ್ಧೆಯಿಂದ. ನಾಚಿಕೆಯಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು, ವರ್ಷಗಳಿಂದ ಮಡಿಸಿಟ್ಟದ್ದು. ಅವಳು ಕಮಲಕ್ಕನ ಶರಬತ್ತಿನ ಕಥೆ ಹೇಳಿದಳು. ನಲ್ಲಿಯ ನೀರಿನ ಕಥೆ ಹೇಳಿದಳು. ಅತ್ತೆ ಹೇಳಿದ್ದನ್ನು ಹೇಳಿದಳು. ಕೊನೆಗೆ ಕೇಳಿದಳು:

“ನಾನು ಕೊಟ್ಟಿದ್ರೆ ನೀವು ಕುಡೀತಿದ್ರಾ? ನಿಜ ಹೇಳಿ.”

ಯಲ್ಲಕ್ಕ ಮೊರದ ಅಕ್ಕಿಯಲ್ಲಿ ಬೆರಳಾಡಿಸಿದಳು. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

“ಕುಡೀತಿರ್ಲಿಲ್ಲ.”

“ಮತ್ತೆ?”

“ಆದ್ರೂ ಕೇಳ್ಬೇಕಿತ್ತು.”

“ಕುಡಿಯಲ್ಲ ಅಂತ ಗೊತ್ತಿದ್ದೂ ಪ್ರತಿ ಸಲ ಕೇಳೋದಾ? ಬೇಡ ಅಂದು ಎದ್ದು ಹೋಗೋದು ನಿಮಗೆ ಸುಲಭ. ಲೋಟ ಹಿಡ್ಕಂಡು ನಿಂತಿರೋಳು ನಾನು ಯಲ್ಲಕ್ಕ.” ಹಬೀಬಾಳ ದನಿ ಪಕ್ಕದ ಮನೆಗೂ ಕೇಳುವಷ್ಟು ಏರಿತ್ತು. ಒಂದು ಬಾಗಿಲಲ್ಲಿ ಯಾರೋ ಇಣುಕಿದರು.

ಯಲ್ಲಕ್ಕ ಮೊರವನ್ನು ಪಕ್ಕಕ್ಕಿಟ್ಟಳು. ಅದೊಂದು ಕಷ್ಟ ಹೌದು ಎಂದಳು, ಅಷ್ಟೇ. ತಪ್ಪಾಯ್ತು ಎನ್ನಲಿಲ್ಲ. ಇನ್ನು ಮುಂದೆ ಕುಡಿಯುತ್ತೇವೆ ಎಂದೂ ಹೇಳಲಿಲ್ಲ. ಹಬೀಬಾಳನ್ನು ಅದೇ ಇನ್ನೂ ರೇಗಿಸಿತು. ಕೂಗಾಡಿದ್ದಕ್ಕೆ ಗಂಟಲು ಪೂರಾ ಒಣಗಿ ಕೆಮ್ಮು ಬಂತು.

“ಸ್ವಲ್ಪ ನೀರು ಕೊಡಿ,” ಎಂದಳು.

ಯಲ್ಲಕ್ಕ ಒಳಗೆ ಹೋಗಿ ಹಿತ್ತಾಳೆ ಚೆಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲದ ಚೂರು ತಂದಳು. ಕೊಟ್ಟು ಅಲ್ಲಿಂದ ಕದಲದೆ ನಿಂತಳು. ಹಬೀಬಾಗೆ ಅವಳು ಏನು ನೋಡುತ್ತಿದ್ದಾಳೆ ಎಂದು ಗೊತ್ತಿತ್ತು. ಎತ್ತಿ ಬಾಯಿಗೆ ಸುರಿದುಕೊಳ್ಳಬಹುದಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಚೆಂಬನ್ನು ತುಟಿಗಿಟ್ಟು ಕಚ್ಚಿ ಕುಡಿದಳು. ಪೂರ್ತಿ ಕುಡಿದು ಚೆಂಬು ಕೆಳಗಿಟ್ಟಳು. ಯಲ್ಲಕ್ಕ ಅದನ್ನು ತೆಗೆದುಕೊಂಡು ಒಳಗೆ ಹೋದಳು. ಬಸ್ಸಿನ ಹೊತ್ತಾಗಿತ್ತು. ಇಬ್ಬರೂ ಮತ್ತೆ ತರಗತಿಯ ಮಾತೆತ್ತಲಿಲ್ಲ.

ಮಂಡಳಿ ಸೇರಿದ ದಿನ ಹಬೀಬಾ ಒಂದು ತೋಳನ್ನು ತಿರುಗಾಮುರುಗಾ ಹೊಲಿದು, ಬಿಚ್ಚಿ, ಮತ್ತೆ ತಿರುಗಾಮುರುಗಾ ಹೊಲಿದಳು. ಮಾರನೆಯ ದಿನ ಗ್ರಾಮಸೇವಕಿ ಬಂದು ನಡೆದದ್ದನ್ನು ಹೇಳಿದರು. ಜಗಳವೇ ಆಯಿತಂತೆ. ಬಾಳೆಹೊನ್ನೂರಿನವರೇ ಬರಲಿ ಎಂದು ಕಮಲಕ್ಕ ಹಠ ಹಿಡಿದಳಂತೆ. ಕೊನೆಗೆ ಯಲ್ಲಕ್ಕ ಎದ್ದು, ಅವಳು ಗಂಟುಮೋರೆ ಹೌದು, ಇಲ್ಲ ಅನ್ನಲ್ಲ, ಆದ್ರೆ ನಮ್ಮನೆಗೆ ಬಂದು ನಮ್ಮನೆ ನೀರು ಕುಡಿದು ನನಗೇ ಬೈದು ಹೋದ್ಲು, ಬೈಯೋಕೆ ಬರೋಳಿಗೆ ಕಲ್ಸೋಕೂ ಬರುತ್ತೆ ಎಂದಳಂತೆ. ಹೆಂಗಸರು ನಕ್ಕರಂತೆ. ನಗುವಿನಲ್ಲೇ ಕೆಲವರು ಕೈ ಎತ್ತಿದರು. ಕಮಲಕ್ಕನೂ ಅವಳ ಕಡೆಯವರೂ ಎತ್ತಲಿಲ್ಲ. ಎತ್ತಿದವರ ಕೈ ಒಂದಿಷ್ಟು ಹೆಚ್ಚಿದ್ದವು. ಅಲ್ಲಿಗೆ ಆಯಿತು.

ಹಬೀಬಾಗೆ ಸಂತೋಷವಾಯಿತೇ? ಆಯಿತು. ಆದರೆ ಅದು ಅವಳು ಅಂದುಕೊಂಡಿದ್ದ ಹಾಗೆ ಇರಲಿಲ್ಲ. ಏಳನೇ ಕ್ಲಾಸಿನಿಂದ ಕಾದಿದ್ದ ಮಾತು ಹೀಗೆ ಜಗಳದ ನಡುವೆ, ನಗೆಚಾಟಿಕೆಯಲ್ಲಿ ಬಂದು ಕೈಗೆ ಬಿದ್ದಿತ್ತು. ಹೊಲಿಗೆ ಚೆನ್ನಾಗಿದೆ ಎಂದು ಒಬ್ಬರೂ ಕೈ ಎತ್ತಿರಲಿಲ್ಲ.

ತರಗತಿ ನಡೆದದ್ದು ಮಂಡಳಿಯ ಹೆಂಚಿನ ಕೋಣೆಯಲ್ಲಿ. ಮೊದಲ ದಿನ ಅವಳು ಬೇಗ ಹೋಗಿ ನೆಲ ಗುಡಿಸಿ, ಗೋಡೆಗೆ ಹಳೆಯ ಪೇಪರ್ ಹಚ್ಚಿ, ಬಾಗಿಲಲ್ಲಿ ನಿಂತಳು. ಹೆಂಗಸರು ಗುಂಪಾಗಿ ಬಂದು ಅಂಗಳದಲ್ಲೇ ನಿಂತರು. ಯಾರೂ ಮೆಟ್ಟಿಲು ಹತ್ತಲಿಲ್ಲ. ಅವರು ಕಾಯುತ್ತಿದ್ದಾರೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇದು ಅವರ ಊರು, ಅವರ ಕೋಣೆ, ಆದರೂ ಇವತ್ತು ಮನೆಯವಳು ಅವಳು.

“ಬನ್ನಿ,” ಎಂದಳು. ಮತ್ತೊಮ್ಮೆ ಹೇಳಿದಳು. ಸುಬ್ಬಿ ಬಂದಳು, ಬನ್ನಿ ಸುಬ್ಬಕ್ಕ, ಕೂತ್ಕಳಿ. ಯಲ್ಲಕ್ಕ ಬಂದಳು. ಒಬ್ಬೊಬ್ಬರಿಗೂ ಹೇಳಬೇಕಾಯಿತು, ಹೇಳಿದಳು. ಮೂಲೆಯಲ್ಲಿಟ್ಟಿದ್ದ ಮಂಡಳಿಯ ಕೊಡದಿಂದ ನೀರು ಬೇಕಾ ಎಂದೂ ಕೇಳಿದಳು. ಎಲ್ಲರೂ ಬೇಡ ಎಂದರು. ಯಲ್ಲಕ್ಕನೂ ಬೇಡ ಎಂದಳು. ಹಬೀಬಾಳ ಹುಬ್ಬು ತಾನಾಗಿಯೇ ಗಂಟಾಯಿತು, ಅವಳು ಅದನ್ನು ಬಿಡಿಸಲು ಹೋಗಲಿಲ್ಲ.

ಕೊನೆಗೆ ಅಂಗಳದಲ್ಲಿ ಕಮಲಕ್ಕ ಒಬ್ಬಳೇ ಉಳಿದಳು. ಮಂಡಳಿಯಲ್ಲಿ ಕೈ ಎತ್ತದಿದ್ದವಳು ಯಾಕೆ ಬಂದಳೋ. ಹಬೀಬಾ ಬಾಗಿಲಿಗೆ ಹೋಗಿ, ಒಳಗೆ ಬನ್ನಿ ಕಮಲಕ್ಕ ಎಂದಳು.

“ಪರವಾಗಿಲ್ಲ. ಇಲ್ಲಿಂದ್ಲೇ ನೋಡ್ತೀನಿ.”

ಎರಡನೆಯ ಸಲ ಕರೆದಳು. ಕಮಲಕ್ಕ ಮೆಟ್ಟಿಲ ತನಕ ಬಂದು, ಒಳಗೆ ಕಾಲಿಡದೆ ಬಾಗಿಲಿನ ಚೌಕಟ್ಟಿಗೆ ಭುಜ ಆನಿಸಿ ನಿಂತಳು. ಹಬೀಬಾ ಮೂರನೆಯ ಸಲ ಕರೆಯಲಿಲ್ಲ. ತಿರುಗಿ ಗೋಡೆಯ ಹತ್ತಿರ ಹೋಗಿ, ಪೇಪರಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎದೆಯ ಅಳತೆಯ ಗೆರೆ ಎಳೆದಳು, ಕತ್ತಿನ ಆಳ ಗುರುತಿಸಿದಳು, ತೋಳು ಸೇರುವ ಕಡೆ ಬಗ್ಗಿಸಿದಳು.

ಬಾಗಿಲ ಕಡೆಯಿಂದ ದನಿ ಬಂತು.

“ಕಂಕುಳ ಹತ್ರ ಎಷ್ಟು ಬಿಡ್ಬೇಕು?”

ಹಬೀಬಾ ಸೀಮೆಸುಣ್ಣ ಹಿಡಿದೇ ತಿರುಗಿದಳು. ಒಳಗೆ ಕೂತವರಿಗೆ ಹೇಳುವುದಾದರೆ ಮೆತ್ತಗೆ ಹೇಳಿದರೆ ಸಾಕಿತ್ತು. ಅವಳು ದನಿ ಎತ್ತರಿಸಿ, ಮೆಟ್ಟಿಲಾಚೆಗೂ ಕೇಳುವ ಹಾಗೆ ಹೇಳತೊಡಗಿದಳು.